ಕೈಗುಣ

ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮೊದಲು ನಂದೀಶ ಕ್ಯಾನಿನ ಮುಚ್ಚಳ ತೆಗೆದು ಅಳತೆಕೋಲು ಇಳಿಬಿಟ್ಟ. ಈಚೆಗೆ ಇದೊಂದು ಚಟವಾಗಿಬಿಟ್ಟಿತ್ತು. ಬಿಳಿ ಹೊಗೆ ಮೇಲೆದ್ದು, ಮಣಿಕಟ್ಟನ್ನು ಮುಟ್ಟಿ, ನೆಲಕ್ಕಿಳಿದು ಮಂಚದ ಕೆಳಗೆ ಹರಿಯಿತು. ಕೋಲನ್ನು ಹೊರಗೆಳೆದು ಗಾಳಿಯಲ್ಲಿ ಒಮ್ಮೆ ಬೀಸಿದ. ಅರ್ಧಕ್ಕೂ ಮೇಲಿನವರೆಗೆ ಬೆಳ್ಳಗೆ ಹಿಮ ಕಟ್ಟಿತು. ಗ್ಯಾಸು, ಎಂದರೆ ದ್ರವ ಸಾರಜನಕ, ಇದೆ. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು, ಇರಲೇಬೇಕಾಗಿದ್ದ ಒಂದು ದಿನ ಮಾತ್ರ ಇರಲಿಲ್ಲ. ಆ ತಂಪಿನಲ್ಲಿ ಮುಳುಗಿ ನಿದ್ದೆ ಹೋದ ಸಣ್ಣ ಸಣ್ಣ ನಳಿಗೆಗಳು, ಒಂದೊಂದರಲ್ಲೂ ಒಂದೊಂದು ಹೋರಿಯ ವೀರ್ಯ, ನಳಿಗೆಯ ಮೈಮೇಲೆ ಆ ಹೋರಿಯ ಹೆಸರು. ರಾಜಘಟ್ಟದ ಸುತ್ತಲಿನ ಸೀಮೆಹಸುಗಳೆಲ್ಲ ಗಬ್ಬ ಕಟ್ಟುವುದು ಈ ಕ್ಯಾನಿನಿಂದಲೇ. ಹಸು ಬೆದೆಗೆ ಬಂದು ಕೂಗತೊಡಗಿದರೆ ಈಗ ಯಾರೂ ಹೋರಿ ಹುಡುಕಿಕೊಂಡು ಹೋಗುವುದಿಲ್ಲ, ಸೂಜಿ ಹಾಕುವ ನಂದೀಶನಿಗೆ ಫೋನು ಮಾಡುತ್ತಾರೆ. ಅವನು ಬೈಕಿಗೆ ಕ್ಯಾನು ಕಟ್ಟಿಕೊಂಡು ಹೋಗುತ್ತಾನೆ. 'ಈ ಹೋಬಳಿ ಕರುಗಳಿಗೆಲ್ಲ ನೀನೇ ಅಪ್ಪ ಕಣೋ' ಎಂದು ಡೈರಿಯ ಮುಂದೆ ಹಾಲಿನ ಕ್ಯಾನು ಇಳಿಸುವವರು ನಗುತ್ತಾರೆ. ಮೊದಮೊದಲು ಅವನೂ ನಗುತ್ತಿದ್ದ.

"ಇವತ್ತು ಭಾನುವಾರ, ಇವಳಿಗೆ ಗಾರ್ಮೆಂಟ್ಸ್ ರಜಾ. ಘಾಟಿಗೆ ಕರ್ಕೊಂಡು ಹೋಗ್ತೀನಿ," ಎಂದಳು ಅಮ್ಮ ಅಡುಗೆಮನೆಯಿಂದ. ಇವಳು ಎಂದರೆ ಪ್ರಮೋದಾ. ಹೆಸರು ಹಿಡಿದು ಕರೆಯುವುದನ್ನು ಅಮ್ಮ ಬಿಟ್ಟು ವರ್ಷವಾಗಿತ್ತು. "ನಾಗರಕಲ್ಲು ಹಾಕಿಸ್ತೀವಿ ಅಂತ ಹರಕೆ ಕಟ್ಕೊಂಡು ಬರ್ತೀವಿ. ಅದೂ ಆಗ್ಲಿಲ್ಲಾಂದ್ರೆ ಇವಳ ಅಣ್ಣಂಗೆ ಹೇಳಿ ಕಳಿಸಿದ್ದೀನಿ, ಮುಂದಿನ ಭಾನುವಾರ ಬರ್ತಾನೆ. ಕೂತು ಮಾತಾಡೋಣ. ಸ್ವಲ್ಪ ದಿನ ತೌರಲ್ಲಿ ಇದ್ದು ಬರ್ಲಿ." ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಆ ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಪ್ರಮೋದಾ ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತಿ ಬಂದು ಹೊಸ್ತಿಲ ಹತ್ತಿರ ತಲೆ ಒರೆಸಿಕೊಳ್ಳುತ್ತಿದ್ದಳು. ಅವಳು ಗಂಡನ ಕಡೆ ನೋಡಿದಳು. ಬೇಡುವ ನೋಟವಲ್ಲ ಅದು. ಬೆಳಗಾಗಿದೆಯಾ ಎಂದು ಕಿಟಕಿಯ ಕಡೆ ನೋಡುವ ಹಾಗೆ, ಅಷ್ಟೇ. ಇವನು ಬಾಯಿ ಬಿಟ್ಟರೆ ಇವತ್ತು ಘಾಟಿ ಇಲ್ಲ, ಹರಕೆ ಇಲ್ಲ, ಅಣ್ಣನೂ ಬರಬೇಕಾಗಿಲ್ಲ. ನಂದೀಶ ಅಳತೆಕೋಲನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಅಷ್ಟರಲ್ಲಿ ಫೋನು ಬಂತು, ಬದುಕಿದೆ ಎಂದುಕೊಂಡು ಎತ್ತಿದ. ಆವಲಪ್ಪನ ದನಿ. "ನಂದೀಸ, ಬಿರ್ನೆ ಬಾರಪ್ಪಾ. ಸೋಮಿ ಮತ್ತೆ ಕೂಗ್ತಾ ಐತೆ." ಬದುಕಿದೆ ಎಂದುಕೊಂಡ ಜೀವ ಹಾಗೇ ಕುಸಿಯಿತು.

ಸೋಮಿ ಎನ್ನುವುದು ಆವಲಪ್ಪನ ಹಸು. ಸೋಮವಾರ ಹುಟ್ಟಿದ್ದು, ಇವನದೇ ಸೂಜಿಗೆ ಹುಟ್ಟಿದ್ದು. ಕರುವಾಗಿದ್ದಾಗ ಇವನ ಬೈಕಿನ ಸದ್ದಿಗೆ ಕಿವಿ ನಿಮಿರಿಸುತ್ತಿತ್ತು. ಒಂದು ಸೂಲು ಈದು ಹಾಲು ಕೊಟ್ಟ ಹಸು. ಮೊದಲನೇ ಸಲ ಸೂಜಿ ಹಾಕಿದ್ದು ನಿಲ್ಲಲಿಲ್ಲ, ಅದು ಇದ್ದದ್ದೇ, ಎಷ್ಟೋ ಹಸುಗಳಿಗೆ ಮೊದಲ ಸಲ ನಿಲ್ಲುವುದಿಲ್ಲ. ಆಮೇಲಿನ ಎರಡು ಸಲದ್ದು ಮಾತ್ರ ಹಾಗಲ್ಲ. ಬೈಕು ಹತ್ತಿ ಊರು ದಾಟುವಾಗ, ಬೆನ್ನ ಹಿಂದೆ ಕಟ್ಟಿದ ಕ್ಯಾನು ಗುಂಡಿಗಳಲ್ಲಿ ಕುಲುಕುವಾಗ, ನಂದೀಶನಿಗೆ ಬೆಂಗಳೂರಿನ ಆ ಆಸ್ಪತ್ರೆಯ ಕೋಣೆ ಕಣ್ಣಿಗೆ ಬಂತು. ಅಲ್ಲಿಯೂ ಒಂದು ಕ್ಯಾನಿತ್ತು. ಮೂಲೆಯಲ್ಲಿ, ಸ್ಟೀಲಿನದು, ಇದರ ಒಡಹುಟ್ಟಿದ ಹಾಗೆ. ಬೇರೆ ಗಂಡಂದಿರಿಗೆ ಅದು ಏನೆಂದು ತಿಳಿಯುತ್ತಿರಲಿಲ್ಲ. ಡಾಕ್ಟರಮ್ಮ ಮೃದುವಾಗಿ ಮಾತಾಡುವ ಹೆಂಗಸು. ನಿಮ್ಮಲ್ಲಿ ವೀರ್ಯಾಣುವೇ ಉತ್ಪತ್ತಿಯಾಗುತ್ತಿಲ್ಲ ನಂದೀಶ್, ನಿಮ್ಮ ಹೆಂಡತಿಗೆ ಏನೇನೂ ತೊಂದರೆಯಿಲ್ಲ, ಬೇಕಾದರೆ ದಾನಿಯದ್ದು ತೆಗೆದುಕೊಳ್ಳಬಹುದು, ಎತ್ತರ ಬಣ್ಣ ನೋಡಿ ಹೊಂದಿಸುತ್ತೇವೆ ಎಂದಿದ್ದಳು. ಎತ್ತರ ಬಣ್ಣ ನೋಡಿ. ಇವನು ಮೂಲೆಯ ಕ್ಯಾನು ನೋಡುತ್ತಿದ್ದ. ನನಗೆ ನಂಬಿಕೆ ಬರುವುದಿಲ್ಲ, ಒಮ್ಮೆ ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದಾ ಎಂದು ಲ್ಯಾಬಿನ ಹುಡುಗಿಯನ್ನು ಕೇಳಿಕೊಂಡಿದ್ದ. ಅವಳು ಪಾಪ, ಒಪ್ಪಿದಳು. ತರಬೇತಿಯ ದಿನಗಳಲ್ಲಿ ಹೋರಿಯದ್ದನ್ನು ನೋಡಿದ್ದು ಅವನಿಗೆ ನೆನಪಿತ್ತು. ಬೆಲ್ಲದಚ್ಚಿಗೆ ಮುತ್ತಿದ ಇರುವೆಯ ಹಾಗೆ ಗಿಜಿಗಿಜಿ. ಇಲ್ಲಿ ಕಣ್ಣಿಟ್ಟರೆ ಬೆಳಕು. ಬರೀ ಬೆಳಕು. ಗಾಜು ಆಚೀಚೆ ಸರಿಸಿ ನೋಡಿದ. ಹಿಂದೆ ಇನ್ಯಾರೋ ಕಾಯುತ್ತಿದ್ದರು, ಎದ್ದುಬಂದ.

ಅಂದು ರಾತ್ರಿ ಬೆಂಗಳೂರಲ್ಲೇ ಉಳಿಯಬೇಕಾಯಿತು, ಮಾರನೆಯ ದಿನವೂ ಪರೀಕ್ಷೆಗಳಿದ್ದವು. ಊರಲ್ಲಿ ಹೇಳಿದ್ದು ಪ್ರಮೋದಾಳ ಚಿಕ್ಕಮ್ಮನ ಮನೆಗೆ ಎಂದು. ಗ್ಯಾಸಿನ ಗಾಡಿ ಬಂದು ಹೋಗುವ ದಿನ ಅದೇ ಎಂಬುದು ತಲೆಯಿಂದ ಹಾರಿಯೇ ಹೋಗಿತ್ತು. ಮನೆಗೆ ಬಂದು ಚಪ್ಪಲಿ ಬಿಡದೆ ಕೋಲು ಇಳಿಬಿಟ್ಟಾಗ ಅದು ಒಣಗಿ ಹೊರಗೆ ಬಂತು. ಹಿಮ ಇಲ್ಲ, ಹೊಗೆ ಇಲ್ಲ. ನಳಿಗೆಗಳೆಲ್ಲ ಅಲ್ಲೇ ಇದ್ದವು, ಹೆಸರುಗಳೂ ಇದ್ದವು, ಒಳಗಿನ ಜೀವ ಮಾತ್ರ ಆರಿಹೋಗಿತ್ತು. ಪಕ್ಕದಲ್ಲಿ ಪ್ರಮೋದಾ ನಿಂತಿದ್ದಳು. 'ಹೋಯ್ತಾ?' ಎಂದಳು. 'ಹೂಂ' ಎಂದ. ಅದನ್ನು ಹಾಲು ಒಕ್ಕೂಟದವರಿಗೆ ತಿಳಿಸಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿದ್ದರು. ಯಾವ ಚಿಕ್ಕಮ್ಮ, ಏನು ಕಾಯಿಲೆ, ಯಾವ ಆಸ್ಪತ್ರೆ. ಡೈರಿಯ ಮುಂದೆ ಒಂದು ಮಾತು ಬಿದ್ದರೆ ಸಂಜೆ ಹಾಲು ಅಳೆಯುವ ಹೊತ್ತಿಗೆ ಅದಕ್ಕೆ ಕೈಕಾಲು ಮೂಡಿರುತ್ತವೆ. ಮಾರನೆಯ ದಿನ ಹೇಗೋ ಗ್ಯಾಸು ತುಂಬಿಸಿಕೊಂಡ, ಸತ್ತವುಗಳನ್ನೇ ಮತ್ತೆ ತಣ್ಣಗೆ ಮಲಗಿಸಿದ. ಆ ಸಂಜೆಯೇ ಆವಲಪ್ಪನ ಫೋನು ಬಂದಿತ್ತು. ತಳದಲ್ಲಿದ್ದವು ಬದುಕಿರಬಹುದು ಎಂದು ತನಗೆ ತಾನೇ ಹೇಳಿಕೊಂಡು ಹೋಗಿ ಹಾಕಿ ಬಂದಿದ್ದ. ಮೂರು ವಾರಕ್ಕೆ ಸೋಮಿ ಮತ್ತೆ ಕೂಗಿತು. ಹೊಸ ನಳಿಗೆ ಇನ್ನೂ ಬಂದಿರಲಿಲ್ಲ, ಅವಧಿಗೆ ಮುಂಚೆ ಕೇಳಿದರೆ ಹಳೆಯದೇನಾಯಿತು ಎನ್ನುತ್ತಾರೆ. ಆಗಲೂ ಅದನ್ನೇ ಹಾಕಿದ. ಸತ್ತದ್ದು ಎಂದು ಗೊತ್ತಿದ್ದೂ, ಬಿಸಿನೀರಿನಲ್ಲಿ ಹದವಾಗಿ ಕರಗಿಸಿ, ಒರೆಸಿ, ಭಕ್ತಿಯಿಂದ ಹಾಕಿದ. ಆ ಹೊತ್ತು ಆವಲಪ್ಪನ ಹೆಂಡತಿ ಮುನಿವೆಂಕಟಮ್ಮ ಹಸುವಿನ ಹಣೆಗೆ ಕುಂಕುಮ ಇಟ್ಟು ಕೈ ಮುಗಿದಿದ್ದಳು. ಆಮೇಲೆ ಹಳೆಯವನ್ನೆಲ್ಲ ಸುಣ್ಣದ ಗುಂಡಿಗೆ ಹಾಕಿ ಹೊಸದು ತಂದ. ಆ ವಾರಗಳಲ್ಲಿ ಸತ್ತದ್ದನ್ನೇ ಹಾಕಿಸಿಕೊಂಡಿದ್ದ ಬೇರೆಯವರ ಹಸುಗಳಿಗೆ ಮತ್ತೊಮ್ಮೆ ಹಾಕಿ ಸರಿಮಾಡಿಕೊಂಡ. ಸೋಮಿಯದೊಂದು ಉಳಿದಿತ್ತು, ಇವತ್ತು ಹಾಕಿದರೆ ಅದೂ ಸರಿಹೋಗುತ್ತದೆ. ಇವತ್ತು ಒಂದೇ ಒಂದು ಸೂಜಿ. ದೇವರೇ ಇವತ್ತಾದರೂ.

ಮಾಕಳಿದುರ್ಗದ ಕಡೆಗೆ ಬೆಂಗಳೂರಿನ ಹುಡುಗ ಹುಡುಗಿಯರ ಬೈಕುಗಳು ಸಾಲಾಗಿ ಹೋಗುತ್ತಿದ್ದವು. ಅವು ಎಬ್ಬಿಸಿದ ಧೂಳಿಗೆ ನಂದೀಶ ಬೈಕನ್ನು ಬದಿಗಿಳಿಸಿ ನಿಂತ. ಆಚೆಗೆ ರಾಜಘಟ್ಟದ ಆ ದಿಬ್ಬ. ಅಗೆದಾಗ ಅಲ್ಲಿ ಬೌದ್ಧ ಸನ್ಯಾಸಿಗಳ ಮಠ ಸಿಕ್ಕಿತ್ತು, ಅಂಗೈಯಗಲದ ಮಣ್ಣಿನ ಮುದ್ರೆಗಳು ಸಿಕ್ಕಿದ್ದವು ಎಂದು ವೆಂಕಟರಮಣಪ್ಪ ಮೇಷ್ಟ್ರು ಬಿ.ಎಸ್ಸಿ. ಹುಡುಗರನ್ನೆಲ್ಲ ಒಮ್ಮೆ ಕರೆತಂದು ತೋರಿಸಿದ್ದರು. ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಇಲ್ಲೇನು ಕೆಲಸ ಎಂದು ಹುಡುಗರು ನಕ್ಕಿದ್ದರು. 'ಇಲ್ಲಿದ್ದೋರು ಯಾರೂ ಮಕ್ಕಳು ಮಾಡ್ಲಿಲ್ಲ ಕಣ್ರೋ. ಮಣ್ಣು ಬಿಟ್ಟು ಹೋದ್ರು. ನೋಡ್ಕೊಳ್ಳಿ,' ಎಂದಿದ್ದರು. ಚಾಕ್‌ಪೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವ, ಮೂಗಿನಲ್ಲಿ ಮಾತಾಡುವ ಮನುಷ್ಯ. ಕ್ಲಾಸಿನ ಗೋಡೆಯ ಮೇಲೆ ಒಬ್ಬ ಗಡ್ಡದಜ್ಜನ ಚಿತ್ರವಿತ್ತು, ನಿಸರ್ಗದ ಆಯ್ಕೆಯ ಪಾಠ ಬಂದಾಗ ಮೇಷ್ಟ್ರು ಆ ಚಿತ್ರಕ್ಕೆ ಬೆನ್ನು ಮಾಡಿ ನಿಂತು ಹೇಳುತ್ತಿದ್ದರು. 'ಬಲಶಾಲಿ ಉಳೀತಾನೆ ಅನ್ನೋದು ಪೈಲ್ವಾನರು ಕಟ್ಟಿದ ಕತೆ. ಹಾಳೂರಿಗೆ ಉಳಿದೋನೇ ಗೌಡ ಅಂತ ನಿಮ್ಮಜ್ಜಿ ಹೇಳಲ್ವಾ? ಅಷ್ಟೇ ಇದು. ಉಳಿದೋನು, ಮರಿ ಬಿಟ್ಟು ಹೋದೋನು, ಅವನೇ ಗೌಡ. ನಿಮ್ಮಪ್ಪ ಹಳ್ಳಿಕಾರ್ ಹೋರೀನ ಕೊಂಬು ನೋಡಿ ಆರಿಸ್ತಾನೆ, ಬೇಡದ್ದನ್ನ ಸಂತೆಗೆ ಹೊಡೀತಾನೆ. ನಿಸರ್ಗದಲ್ಲೂ ಆರಿಸೋದು ನಡೀತದೆ, ಆದ್ರೆ ಅಲ್ಲಿ ಹಗ್ಗ ಹಿಡಿದೋರು ಯಾರೂ ಇಲ್ಲ. ತಪ್ಪು ಯಾರ್ದೂ ಅಲ್ಲ.' ಆಮೇಲೆ ಒಂದು ಪ್ರಶ್ನೆ ಕೇಳಿದ್ದರು. 'ನೀವಿಲ್ಲಿ ಕೂತಿದ್ದೀರಲ್ಲ, ನಿಮ್ಮಪ್ಪನಿಂದ ಹಿಡಿದು ಹಿಂದಕ್ಕೆ ಹೋಗಿ. ಅಜ್ಜ, ಮುತ್ತಜ್ಜ, ಕೋತಿ, ಮೀನು, ಹುಳದವರೆಗೂ ಹೋಗಿ. ಆ ಸಾಲಲ್ಲಿ ಮಕ್ಕಳಿಲ್ಲದೆ ಸತ್ತೋರು ಯಾರಾದ್ರೂ ಒಬ್ರಿದ್ದಾರಾ?' ಯಾರೋ ಇದ್ದಾರೆ ಸಾರ್ ಎಂದು ಕೂಗಿದ, ಕ್ಲಾಸೆಲ್ಲ ಘೊಳ್ಳೆಂದು ನಕ್ಕಿತ್ತು. ನಂದೀಶನೂ ಬೆಂಚು ಕುಟ್ಟಿ ನಕ್ಕಿದ್ದ. ಕಡಲಿನ ಕೆಸರಿನಿಂದ ಒಮ್ಮೆಯೂ ತಪ್ಪದೆ ಕೈಯಿಂದ ಕೈಗೆ ದಾಟಿಕೊಂಡು ಬಂದದ್ದು, ಬರಗಾಲ ಪ್ಲೇಗು ದಾಟಿದ್ದು, ಅಪ್ಪನಿಂದ ತನಗೆ ಬಂದದ್ದು, ಈ ಧೂಳು ರಸ್ತೆಯಲ್ಲಿ ಬೈಕಿನ ಮೇಲೆ ಒಂದು ಕಾಲೂರಿ ನಿಂತಿದೆ. ಒಬ್ಬನೇ ಮಗ ಬೇರೆ. ಧೂಳು ಕುಳಿತ ಮೇಲೆ ಅವನು ಬೈಕನ್ನು ಮತ್ತೆ ರಸ್ತೆಗೆ ಹತ್ತಿಸಿದ.

ಆವಲಪ್ಪನ ಮನೆಯ ಮುಂದೆ ಒಂದು ಪಿಕಪ್ ಗಾಡಿ ನಿಂತಿತ್ತು. ದನದ ದಲ್ಲಾಳಿ ಭೀಮರಾಜ್ ಗಾಡಿಗೆ ಒರಗಿಕೊಂಡು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಹಾಲು ಬತ್ತಿದ್ದು, ಗಬ್ಬ ನಿಲ್ಲದ್ದು, ಎಲ್ಲ ಅವನ ಗಾಡಿಗೆ ಹತ್ತುತ್ತವೆ. ಸಾಕುವವರಿಗೆ ಕೊಡುತ್ತೇನೆ ಎನ್ನುತ್ತಾನೆ, ಯಾರು ಆ ಸಾಕುವವರು ಎಂದು ಕೇಳುವ ಪದ್ಧತಿ ಈ ಕಡೆ ಇಲ್ಲ. ಕೊಟ್ಟಿಗೆಯಲ್ಲಿ ಸೋಮಿ ಹಗ್ಗ ಜಗ್ಗಿ ಕೂಗುತ್ತಿತ್ತು. ಬೈಕಿನ ಸದ್ದಿಗೆ ತಿರುಗಿ, ಕಿವಿ ನಿಮಿರಿಸಿ, ಒಂದು ಗಳಿಗೆ ಸುಮ್ಮನಾಯಿತು.

"ಆವಲಪ್ಪಣ್ಣ, ಹೊಸ ಸೂಜಿ ತಂದಿದ್ದೀನಿ. ಇವತ್ತು ಹಾಕಿದ್ರೆ ನಿಂತೇ ನಿಲ್ತದೆ," ಎಂದು ನಂದೀಶ ಕ್ಯಾನಿನ ಹಗ್ಗ ಬಿಚ್ಚತೊಡಗಿದ. ತನ್ನ ದನಿಯಲ್ಲಿ ಬೇಡಿಕೆ ಇರುವುದು ಅವನಿಗೇ ಕೇಳಿಸಿತು.

"ಇರಪ್ಪಾ," ಎಂದ ಆವಲಪ್ಪ. ನಿಧಾನದ ಮನುಷ್ಯ, ಕೆಟ್ಟವನಲ್ಲ. "ಸೂಜಿ ಆಮ್ಯಾಕೆ. ಮೊದ್ಲು ಕೈ ಹಾಕಿ ನೋಡು. ಗರ್ಭ ಸರಿಯಾಗೈತಾ ಇಲ್ವಾ, ಅದೊಂದ್ ಹೇಳ್ಬಿಡು. ಸರಿಯಿದ್ರೆ ಮಡಿಕೊಳ್ತೀನಿ. ಇಲ್ಲಾಂದ್ರೆ ಗಾಡಿ ಬಂದೈತೆ, ಹತ್ತಿಸಿಬಿಡ್ತೀನಿ. ಮೂರು ಸಲ ಆಯ್ತು, ಹುಲ್ಲು ತಿಂದ್ಕೊಂಡು ಸುಮ್ನೆ ನಿಂತೈತೆ."

ಮುನಿವೆಂಕಟಮ್ಮ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದಳು. ಅಳು ಬಂದಿರಬೇಕು, ಮೂಗು ಕೆಂಪಾಗಿತ್ತು. ಅಳುವ ಹೆಂಗಸಿನ ಬಾಯಿಂದ ಬರುವ ಮಾತಿಗೆ ಬೇಲಿ ಇರುವುದಿಲ್ಲ. "ನಮ್ದೊಂದೇ ಅಲ್ವಂತಲ್ಲಪ್ಪಾ ನಂದೀಸ. ನೀನು ಹಾಕಿದ್ದು ಎಲ್ಲಾರ ಮನೇಲೂ ಮತ್ತೆ ಬೆದೆಗೆ ಬಂದೈತಂತೆ. ಕೈಗುಣ ಕೆಟ್ಟೋಗೈತೆ ಅಂತಾವ್ರೆ ಜನ. ಮನೇಲೇನಾರ ವಿಸೇಸ ಐತಾ? ಇಲ್ವಲ್ಲಾ? ಮನೆ ಬೆಳಗದೋರ ಕೈಲಿ ಕೊಟ್ಟಿಗೆ ಹೆಂಗಪ್ಪಾ ಬೆಳಗ್ತದೆ?"

"ಏ, ಸುಮ್ಕಿರು ನೀನು," ಎಂದು ಆವಲಪ್ಪ ಗದರಿದ. ಭೀಮರಾಜ್ ಕಡ್ಡಿಯನ್ನು ಉಗಿದು ನಕ್ಕ. "ಬುಡಮ್ಮೋ. ಗುರುಗೆ ಊರೆಲ್ಲ ಮಕ್ಳು, ಮನೇಗೆ ಯಾಕೆ?" ನಂದೀಶನೂ ಹಲ್ಲು ಕಿರಿದ. ಇಂಥಲ್ಲಿ ನಗದಿದ್ದರೆ ಇನ್ನೂ ಕಷ್ಟ. ಬಕೆಟ್ಟಿನ ನೀರಲ್ಲಿ ತೋಳು ತೊಳೆದುಕೊಂಡು, ಹೆಗಲವರೆಗಿನ ಪ್ಲಾಸ್ಟಿಕ್ ಗ್ಲೌಸು ತೊಟ್ಟು, ಸೋಪು ಸವರಿಕೊಂಡು ಸೋಮಿಯ ಹಿಂದೆ ನಿಂತ.

ಅದು ಕದಲಲಿಲ್ಲ. ಬೇರೆ ಯಾರು ಹಿಂದೆ ನಿಂತರೂ ಒದೆಯುವ ಹಸು, ಇವನ ಎಡಗೈ ಒಳಗೆ ಹೋಗುವಾಗ ಬೆನ್ನು ಸ್ವಲ್ಪ ತಗ್ಗಿಸಿ ಜಾಗ ಕೊಟ್ಟಿತು. ಒಳಗೆ ಬಿಸಿ. ಈ ಬಿಸಿಯಲ್ಲಿ ಕೈ ಇಟ್ಟು ಕಣ್ಣು ಮುಚ್ಚಿದರೆ ಅವನಿಗೆ ಜಗತ್ತಿನ ಬೇರೆಲ್ಲ ಸದ್ದು ಕಡಿಮೆಯಾಗುತ್ತದೆ. ಬೆರಳುಗಳು ತಾವೇ ದಾರಿ ಹುಡುಕಿದವು. ಗರ್ಭಕೋಶ ಕೈಗೆ ಸಿಕ್ಕಿತು, ಎರಡೂ ಕೊಂಬು ಸಮ, ಬೆದೆಯ ಬಿಗಿ ಸರಿಯಾಗಿದೆ. ಬಲಗಡೆಯ ಅಂಡಾಶಯದ ಮೇಲೆ ಹಣ್ಣಾದ ಮೊಟ್ಟೆಯ ಉಬ್ಬು, ದ್ರಾಕ್ಷಿಯಷ್ಟು ನುಣ್ಣಗೆ. ಇಷ್ಟು ಒಳ್ಳೆಯ ಗರ್ಭ ಈ ವರ್ಷ ಅವನ ಕೈಗೆ ಸಿಕ್ಕಿರಲಿಲ್ಲ. ನಿಮ್ಮ ಹೆಂಡತಿಗೆ ಏನೇನೂ ತೊಂದರೆಯಿಲ್ಲ ಎಂದಿದ್ದಳು ಡಾಕ್ಟರಮ್ಮ. ಅವನು ಕೈ ತೆಗೆಯದೆ ನಿಂತೇ ಇದ್ದ. ಸರಿಯಿದೆ ಎಂದರೆ ಆವಲಪ್ಪ ಕೇಳುತ್ತಾನೆ, ಸರಿಯಿದ್ದರೆ ಯಾಕೆ ನಿಲ್ಲುತ್ತಿಲ್ಲ ಎಂದು. ಆಗ ಉಳಿಯುವುದು ಎರಡೇ, ಇವನ ಸೂಜಿ ಅಥವಾ ಇವನ ಕೈ. ಸೂಜಿ ಎಂದರೆ ಒಣಗಿದ ಕ್ಯಾನು, ಕ್ಯಾನು ಎಂದರೆ ಬೆಂಗಳೂರು, ಬೆಂಗಳೂರು ಎಂದರೆ ಆ ಬರೀ ಬೆಳಕು. ಕೈ ಎಂದರೆ ಮುನಿವೆಂಕಟಮ್ಮ ಆಡಿದ ಮಾತು. ಒಂದು ಎಳೆ ಎಳೆದರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಬೆದೆಯ ಹಸು ಒಳಗಿನ ಕೈಯನ್ನು ಮೆಲ್ಲಗೆ ಅಮುಕಿತು.

"ಏನಪ್ಪಾ?" ಎಂದ ಆವಲಪ್ಪ.

"ಗಂಟಿದೆ ಅಣ್ಣ," ಎಂದ ನಂದೀಶ. ಹೇಳಿದ ಮೇಲೆ ಅವನಿಗೆ ತನ್ನ ದನಿ ಎಷ್ಟು ಸಹಜವಾಗಿತ್ತು ಎಂದು ಆಶ್ಚರ್ಯವಾಯಿತು. "ಅಂಡಾಶಯದಲ್ಲಿ. ಇನ್ನು ನಿಲ್ಲೋದು ಕಷ್ಟ."

"ಗೊಡ್ಡು ಅನ್ನು."

"ಹೂಂ."

ಮುನಿವೆಂಕಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ತಡವಾಗಲಿಲ್ಲ. ಇಂಥ ಕೆಲಸಗಳು ಎಷ್ಟು ಬೇಗ ಮುಗಿಯುತ್ತವೆ. ಅವಳು ಒಳಗಿಂದ ಬೆಲ್ಲ ತಂದು ಹಸುವಿನ ಬಾಯಿಗೆ ಕೊಟ್ಟಳು, ಹಣೆಗೆ ಅರಿಶಿನ ಕುಂಕುಮ ಇಟ್ಟಳು, ಪಾದಕ್ಕೆ ನೀರು ಹಾಕಿದಳು. ನಂದೀಶನ ಕಡೆ ತಿರುಗಿ, "ನಿನ್ನ ಕೈಗುಣದ ಮ್ಯಾಲೆ ಮಾತಾಡ್ಬಿಟ್ಟೆ ಕಣಪ್ಪಾ, ಹೊಟ್ಟೇಗ್ ಹಾಕ್ಕೊ. ತಪ್ಪು ಇದ್ರದ್ದೇ," ಎಂದಳು. ಅದು ಅವನಿಗೆ ಕಪಾಳಕ್ಕೆ ಹೊಡೆದಿದ್ದಕ್ಕಿಂತ ಹೆಚ್ಚಾಯಿತು. ಭೀಮರಾಜ್ ಗಾಡಿಯ ಹಲಗೆ ಇಳಿಸಿದ. ಸೋಮಿ ಗಾಡಿಯ ಹತ್ತಿರ ಬಂದು ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಆವಲಪ್ಪ ಎಳೆದ, ಭೀಮರಾಜ್ ಬಾಲ ಮುರಿದ, ಜಪ್ಪಯ್ಯ ಎಂದರೂ ಏರಲಿಲ್ಲ. "ನಂದೀಸ, ನಿನ್ ಮಾತು ಕೇಳ್ತದೆ ಅದು, ಹಿಡ್ಕೊಳಪ್ಪಾ," ಎಂದು ಆವಲಪ್ಪ ಹಗ್ಗವನ್ನು ಅವನ ಕೈಗೆ ಕೊಟ್ಟ. ಇವನು ಮುಂದೆ ನಡೆದ. ಕೊರಳಿನ ಮೇಲೆ ಕೈಯಿಟ್ಟು, ಬಾರೇ, ಬಾರೇ ಎಂದ. ಅದು ಹಿಂದೆ ಬಂತು. ಹಲಗೆಯ ಮೇಲೆ ಗೊರಸು ಜಾರಿದಾಗ ಇವನ ಮೈಗೆ ಒರಗಿ ಸಾವರಿಸಿಕೊಂಡು ಹತ್ತಿತು. ಹಗ್ಗ ಹಿಡಿದೋರು ಯಾರೂ ಇಲ್ಲ, ತಪ್ಪು ಯಾರ್ದೂ ಅಲ್ಲ ಎಂದು ಅವನ ತಲೆಯೊಳಗೆ ಮೇಷ್ಟ್ರು ಮೂಗಿನಲ್ಲಿ ಹೇಳಿದರು. ಹಸು ಕೊಟ್ಟರೂ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂದು ಭೀಮರಾಜನ ಹಗ್ಗ ಹಾಕಿ ಮನೆಯ ಹಗ್ಗವನ್ನು ಬಿಚ್ಚಿದರು. ಬಿಚ್ಚಿದ ಹಗ್ಗ ನಂದೀಶನ ಕೈಯಲ್ಲೇ ಉಳಿಯಿತು. ಅದನ್ನು ಕೊಟ್ಟಿಗೆಯ ಗೂಟಕ್ಕೆ ತಾನೇ ಸಿಕ್ಕಿಸಿದ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಸೋಮಿ ಕೂಗುತ್ತಿತ್ತು. ಬೆದೆಯ ಕೂಗು, ಬೇರೇನೂ ಅಲ್ಲ.

ಆಮೇಲೆ ಅವನು ಎಲ್ಲೆಲ್ಲಿ ಹೋದ ಎಂದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಎರಡು ಮನೆಗೆ ಹೋಗಿ ಹೊಸ ಸೂಜಿ ಹಾಕಿದ, ಒಂದು ಕಡೆ ಕಾಫಿ ಕುಡಿದ. ಯಾರೋ ಆಗಲೇ, ಆವಲಪ್ಪನ ಹಸು ಗೊಡ್ಡಂತೆ, ಅದಕ್ಕೇ ನಿಂತಿಲ್ಲ, ಸುಮ್ನೆ ನಿನ್ನ ಬೈದ್ವಿ ಎಂದರು. ಇಷ್ಟು ಹೊತ್ತಿಗೆ ಅವನ ಕೈಗುಣ ಹೋಬಳಿಯಲ್ಲಿ ಮತ್ತೆ ಶುದ್ಧವಾಗಿತ್ತು. ಮೈ ಹಗುರವಾದದ್ದು ನಿಜ. ಹಗುರವಾಯಿತಲ್ಲ ಎಂದು ನಾಚಿಕೆಯಾದದ್ದೂ ನಿಜ. ಸೋಮಿಯ ಹೊಟ್ಟೆಯಲ್ಲಿ ಹುಟ್ಟಬೇಕಾಗಿದ್ದ ಕರು, ಆ ಕರುವಿನ ಕರು, ಅವುಗಳ ಸಾಲು ಒಂದು ಎತ್ತರದ ಹುಲ್ಲಿನಲ್ಲಿ ನಡೆದುಹೋದ ಹಾಗೆ ಕಂಡು ಇಲ್ಲವಾಗುತ್ತಿತ್ತು. ತನಗೆ ಬಾರದ್ದನ್ನು ಇನ್ನೊಂದು ಜೀವಕ್ಕೂ ಬಾರದಂತೆ ಮಾಡಿದೆ ಎನ್ನಿಸಿತು. ಹೊಟ್ಟೆಕಿಚ್ಚಾ? ಇರಬಹುದು. ಅದನ್ನೂ ಅಲ್ಲ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಅಮ್ಮ ಜಗುಲಿಯ ಮೇಲೆ ಕೂತು ಘಾಟಿಯ ಪ್ರಸಾದವನ್ನು ಪಕ್ಕದ ಮನೆಗೆ ಎಂದು ಎಲೆಯಲ್ಲಿ ಕಟ್ಟುತ್ತಿದ್ದಳು. ಪ್ರಮೋದಾ ಎಂದಿನಂತೆ ಬಚ್ಚಲ ಕಲ್ಲಿನ ಹತ್ತಿರ ಬಿಸಿನೀರು ತಂದಿಟ್ಟಳು. ದಿನಾ ಇದೊಂದು ಕೆಲಸ ಅವಳು ಯಾರಿಗೂ ಬಿಡುವುದಿಲ್ಲ. ಚೊಂಬಿನಲ್ಲಿ ನೀರು ಹಾಕುತ್ತಾ, ಅವನ ಬೆರಳಿಗೆ ಎಟುಕದ ಹೆಗಲ ಹಿಂಭಾಗವನ್ನು ತಾನೇ ಸೋಪು ಹಚ್ಚಿ ತಿಕ್ಕುತ್ತಾಳೆ. ಮದುವೆಯಾದ ಹೊಸದರಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು.

"ಆವಲಪ್ಪನ ಹಸು ಗೊಡ್ಡಂತಲ್ಲೋ?" ಎಂದಳು ಅಮ್ಮ ಜಗುಲಿಯಿಂದ. "ಬಸ್ಸಲ್ಲಿ ಯಾರೋ ಅಂತಿದ್ರು. ಒಳ್ಳೇದಾಯ್ತು ಬಿಡು ಮಾರಿದ್ದು. ಗೊಡ್ಡನ್ನ ಕಟ್ಕೊಂಡು ಎಷ್ಟು ದಿನ ಅಂತ ಮೇಯಿಸ್ತಾರೆ?"

ಪ್ರಮೋದಾಳ ಕೈಯಲ್ಲಿ ಚೊಂಬು ನಿಂತಿತು. ಒಣಗಿದ ಕೋಲು ಹೊರಗೆ ಬಂದಾಗ ಅವಳು ಪಕ್ಕದಲ್ಲಿದ್ದಳು. ಯಾವ ಹಸುವಿಗೆ ಏನು ಹಾಕಿದ್ದ ಎಂದು ಅವಳೊಬ್ಬಳಿಗೆ ಗೊತ್ತು. "ನೀವೇ ಅಂದ್ರಾ, ಗೊಡ್ಡು ಅಂತ?" ಎಂದಳು ಮೆಲ್ಲಗೆ.

ನಂದೀಶ ತೋಳಿನ ಸೋಪನ್ನು ಇನ್ನಷ್ಟು ತಿಕ್ಕಿದ.

"ಹತ್ತಿಸಿದ್ರಾ?"

"ಹೂಂ."

"ನನ್ನನ್ನ ಯಾವ ಗಾಡಿಗೆ ಹತ್ತಿಸ್ತೀರಿ?" ಎಂದಳು ಪ್ರಮೋದಾ. ಕೋಪ ಇರಲಿಲ್ಲ ದನಿಯಲ್ಲಿ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗಿತ್ತು.

ಅವನು ಒದ್ದೆ ಕೈಯಲ್ಲೇ ಫೋನು ತೆಗೆದ. ಬೆರಳು ಜಾರುತ್ತಿತ್ತು. "ಭೀಮಣ್ಣ, ಆ ಹಸು ನಂಗೆ ಬೇಕು. ಎಷ್ಟಾದ್ರೂ ಆಗ್ಲಿ ವಾಪಸ್ ತಂದುಕೊಡು," ಎಂದ. ಅತ್ತಲಿಂದ ಭೀಮರಾಜನ ದನಿ, ಲಾರಿಗಳ ಸದ್ದಿನ ನಡುವೆ. "ಅಯ್ಯೋ, ಅದಾವಾಗ್ಲೋ ಬೇರೆ ಗಾಡೀಗ್ ಹತ್ತಿಸ್ಬಿಟ್ಟೆ. ಅವ್ರು ಯಾರೋ, ಎಲ್ಲಿಗೋ. ನೀನೇ ತಾನೆ ಗುರು ಗೊಡ್ಡು ಅಂದಿದ್ದು?" ಫೋನು ಕೈಯಲ್ಲೇ ಹಿಡಿದುಕೊಂಡು ನಂದೀಶ ಅಂಗಳಕ್ಕೆ ಬಂದ. ತೋಳಿನಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ಬಾಯಿಗೆ ಬಾರದ ಮಾತು ಈಗ ತಾನಾಗಿ ಬಂತು, ಯಾಕೆ ಇಷ್ಟು ಸುಲಭವಾಯಿತೋ.

"ಅಮ್ಮಾ, ಪ್ರಮೋದಾಗೆ ಏನೂ ಆಗಿಲ್ಲ. ನನ್ನಲ್ಲೇ ಇಲ್ಲ. ಬೆಂಗಳೂರಲ್ಲಿ ಪರೀಕ್ಷೆ ಮಾಡಿಸಿದ್ದೀನಿ, ನನ್ನ ಕಣ್ಣಾರೆ ನೋಡಿದ್ದೀನಿ. ಮಕ್ಕಳಾಗದೇ ಇರೋದು ನನ್ನಿಂದ."

ಅಮ್ಮ ಎಲೆ ಕಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ನಕ್ಕಳು. ಸಿಟ್ಟಿನ ನಗುವಲ್ಲ, ಚಿಕ್ಕ ಮಗು ಸುಳ್ಳು ಹೇಳಿದಾಗ ನಗುವ ನಗು. "ಯಾರು ಹೇಳಿಕೊಟ್ರು ನಿಂಗಿದನ್ನ?" ಎಂದು ಬಚ್ಚಲ ಕಡೆ ಒಮ್ಮೆ ನೋಡಿ, ಮತ್ತೆ ಇವನ ಕಡೆ ತಿರುಗಿದಳು. "ಹೆಂಡ್ತಿನ ಉಳಿಸ್ಕೊಳ್ಳೋಕೆ ಇಂಥ ಮಾತಾಡ್ಬೇಡ, ಬಾಯಿಗೆ ಹುಳ ಬೀಳ್ತದೆ. ನಿಮ್ಮಪ್ಪ, ನಿಮ್ಮ ತಾತ, ಅವರ ತಾತ, ಎಲ್ರನ್ನೂ ಲೆಕ್ಕ ಹಾಕು. ನಮ್ಮ ವಂಶದಲ್ಲಿ ಮಕ್ಕಳಾಗದೋರು ಅಂತ ಒಬ್ರೂ ಇಲ್ಲ ಕಣೋ. ಒಬ್ರೂ ಇಲ್ಲ."

ಇಲ್ಲ, ಹೌದು, ಒಬ್ಬರೂ ಇಲ್ಲ. ಹುಳದವರೆಗೂ ಹೋದರೂ ಇಲ್ಲ. ಇದೇ ಮಾತಿಗೆ ಒಮ್ಮೆ ಬೆಂಚು ಕುಟ್ಟಿ ನಕ್ಕಿದ್ದ. ಯಾರ ವಂಶದಲ್ಲೂ ಇರುವುದಿಲ್ಲ ಅಮ್ಮಾ, ಆವಲಪ್ಪನ ಹಸುವಿನ ವಂಶದಲ್ಲೂ ಇರಲಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದ. ಅಮ್ಮ ಆಗಲೇ ಪ್ರಸಾದ ಹಿಡಿದುಕೊಂಡು ಪಕ್ಕದ ಮನೆಗೆ ಹೊರಟಿದ್ದಳು. ಬೆಳಿಗ್ಗೆ ಆಡಿದ ಒಂದು ಸುಳ್ಳನ್ನು ಇಡೀ ಹೋಬಳಿ ನಂಬಿತ್ತು. ಸಂಜೆ ಆಡಿದ ನಿಜವನ್ನು ಕೊಳ್ಳುವವರು ಮನೆಯಲ್ಲೇ ಇರಲಿಲ್ಲ.

"ಬನ್ನಿ, ನೀರು ಆರ್ತಾ ಇದೆ," ಎಂದಳು ಪ್ರಮೋದಾ. ಅವನು ಹೋಗಿ ಕಲ್ಲಿನ ಹತ್ತಿರ ಕೂತು ಕೈ ಚಾಚಿದ. ಹೇಳಿದೆನಲ್ಲ ಎನ್ನುವ ಹಾಗೆ ಅವಳ ಮುಖ ನೋಡಿದ. ಅವಳು ನೀರು ಹಾಕುತ್ತಾ ಹೇಳಿದಳು. "ಈ ಮಾತು ಬೆಳಿಗ್ಗೆ ಬರಬಹುದಿತ್ತು. ಅಣ್ಣಂಗೆ ಬರೋದು ಬೇಡ ಅಂತ ಫೋನ್ ಮಾಡ್ತೀನಿ, ನಾಳೆ ನಾನೇ ಹೋಗ್ತೀನಿ. ಬಸ್ಸು ನಾನೇ ಹತ್ಕೊಳ್ತೀನಿ. ಹತ್ತಿಸೋ ಕೆಲ್ಸ ನಿಮಗಿರಲ್ಲ."

ಸೋಪನ್ನು ಕಲ್ಲಿನ ಮೇಲಿಟ್ಟು ಅವಳು ಒಳಗೆ ಹೋದಳು. ಹೆಗಲ ಹಿಂದೆ ತಿಕ್ಕಿಕೊಳ್ಳಲು ನಂದೀಶ ಬಲಗೈಯನ್ನು ಎಷ್ಟು ತಿರುಚಿದರೂ ಬೆರಳು ಎಟುಕಲಿಲ್ಲ.